ಹಳೇ ಜಾವಾ, ಯೆಜ್ಡಿ ಗಾಡಿಗಳು: ಪಿಸ್ಟನ್ ಮತ್ತು ಬ್ಲಾಕಿನ ಕಥೆ



ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಊರಿನ ಮತ್ತು ಸಂಘದ ಇತಿಹಾಸ ಬರುವುದು ಸಹಜ. ಅದರ ಜೊತೆಗೆ, ನಮ್ಮ ಹಿರಿಯರು 'ಫಟಫಟಿ' ಎಂದು ಕರೆಯುತ್ತಿದ್ದ ಯಂತ್ರದ ಇತಿಹಾಸವನ್ನೂ ನಾಲ್ಕು ಮಾತಿನಲ್ಲಿ ಬರೆದಿಡಬೇಕೆಂದು ನಮಗೆ ಅನಿಸಿತು.

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಗಾಡಿ. 1929ರಲ್ಲಿ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಕೆಲಸವನ್ನು ಕೊಂಡು ಆರಂಭಿಸಿದರು. ಎರಡೂ ಹೆಸರಿನ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು ಖರೆ, ಆದರೆ ಹೊಸ ಇಂಜಿನ್ನಿಗೆ ನೀರಿನಂಥ ದ್ರವದ ತಂಪು. ಅದರ ಪಿಸ್ಟನ್ ಹಳೇ ಗಾಡಿಗೆ ಬರೋದಿಲ್ಲ. ಆದ್ದರಿಂದ ಮನೆಯಲ್ಲಿರುವ ಹಳೇ ಬ್ಲಾಕನ್ನು ಗುಜರಿಗೆ ಹಾಕಿದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ.

250 ಜಾವಾದ ಬೋರ್ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಬ್ಲಾಕು ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು. ಕಾವು ಏರಿದಾಗ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಇವೆರಡರ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಸಂದು ಕಡಿಮೆಯಾದರೆ ದಾರಿಯಲ್ಲೇ ಇಂಜಿನ್ ಸೀಜ್ ಆಗ್ತದೆ. ಹೆಚ್ಚಾದರೆ ಪಿಸ್ಟನ್ ಬಡಿಯುತ್ತದೆ, ದಮ್ಮು ಇರೋದಿಲ್ಲ.

ಗಾಳಿಯಿಂದಲೇ ತಂಪಾಗುವ ಇಂಜಿನ್ನಿನಲ್ಲಿ ಇದು ಇನ್ನೂ ಸೂಕ್ಷ್ಮ. ಬ್ಲಾಕಿನ ಸುತ್ತಲಿನ ರೆಕ್ಕೆಗಳೇ ಕಾವನ್ನು ಹೊರಗೆ ಹಾಕಬೇಕು. ಆ ರೆಕ್ಕೆಗಳ ನಡುವೆ ನಮ್ಮ ಎರೆಮಣ್ಣು ಮೆತ್ತಿಕೊಂಡರೆ ಎಂಥ ಒಳ್ಳೇ ಪಿಸ್ಟನ್ ಹಾಕಿದರೂ ಉಪಯೋಗವಿಲ್ಲ.

ಆಯ್ಕೆಯಲ್ಲಿ ಮೊದಲ ಕೆಲಸ ಅಳತೆ. ಬೋರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದು ನೋಡಬೇಕು. ಹೆಚ್ಚು ಸವೆದ ಜಾಗವೇ ಮುಂದಿನ ಸೈಜನ್ನು ಹೇಳುತ್ತದೆ. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ ಕಾಲು ಮಿ.ಮೀ. ಲೆಕ್ಕದಲ್ಲಿ ಏರುತ್ತ ಹೋಗುತ್ತದೆ. ಪಿಸ್ಟನ್ ಮೊದಲು ಕೈಗೆ ಬರಬೇಕು, ಅದನ್ನು ಅಳೆದ ಮೇಲೆ ಬ್ಲಾಕ್ ಬೋರ್ ಮಾಡಿಸಬೇಕು. ಡಬ್ಬಿಯ ಮೇಲಿನ ಅಂಕಿ ನಂಬಿ ಮೊದಲೇ ಬೋರ್ ಮಾಡಿಸಿದರೆ ತೆಗೆದ ಕಬ್ಬಿಣ ತಿರುಗಿ ಬರೋದಿಲ್ಲ.

ಕೆಲವರು ದೊಡ್ಡ ಪಿಸ್ಟನ್ ಹಾಕಿದರೆ ಗಾಡಿ ಜೋರು ಓಡ್ತದೆ ಅಂತಾರೆ. ಲೆಕ್ಕ ಹಾಕಿ ನೋಡಿ: ಅರ್ಧ ಮಿ.ಮೀ. ಹೆಚ್ಚಿಸಿದರೆ 249 ಸಿ.ಸಿ. ಇದ್ದದ್ದು ಸುಮಾರು 253 ಆಗುತ್ತದೆ, ಅಷ್ಟೇ. ಬೋರ್ ಮಾಡಿಸುವುದು ಸವಕಳಿ ತೆಗೆಯಲು, ಜೋರಿಗಾಗಿ ಅಲ್ಲ. ಎಷ್ಟು ಕಡಿಮೆ ತೆಗೆದರೆ ಬ್ಲಾಕಿಗೆ ಅಷ್ಟು ಆಯುಷ್ಯ. ಕೊನೆಯ ಸೈಜೂ ಮುಗಿದರೆ ಸ್ಲೀವ್ ಹಾಕಿಸಿ ಮತ್ತೆ 65ಕ್ಕೆ ತರಬಹುದು. ಆದರೆ ಸ್ಲೀವ್ ಬಿಗಿಯಾಗಿ ಕೂಡಬೇಕು, ಇಲ್ಲದಿದ್ದರೆ ಕಾವು ರೆಕ್ಕೆಗೆ ಮುಟ್ಟುವುದಿಲ್ಲ.

ಇದು ಟೂ ಸ್ಟ್ರೋಕ್ ಇಂಜಿನ್. ಬ್ಲಾಕಿನ ಕಿಂಡಿಗಳನ್ನು ತೆರೆದು ಮುಚ್ಚುವುದು ಪಿಸ್ಟನ್ನೇ. ಅದಕ್ಕೆ ಸೈಜ್ ಒಂದೇ ನೋಡಿದರೆ ಸಾಲದು; ಎತ್ತರ, ಕೆಳಭಾಗದ ಆಕಾರ, ಪಿನ್ನಿನ ಜಾಗ ಎಲ್ಲವನ್ನೂ ಹಳೇ ಪಿಸ್ಟನ್ ಪಕ್ಕದಲ್ಲಿಟ್ಟು ಹೋಲಿಸಬೇಕು. ಬೋರ್ ಆದಮೇಲೆ ಕಿಂಡಿಗಳ ಅಂಚಿನ ಚೂಪು ತೆಗೆಸಬೇಕು, ಇಲ್ಲವಾದರೆ ರಿಂಗು ಸಿಕ್ಕಿ ಮುರಿಯುತ್ತದೆ.

ಒಬ್ಬೊಬ್ಬರೇ ಪೇಟೆ ಸುತ್ತಿ ಸಿಕ್ಕಿದ್ದನ್ನು ತರುವುದಕ್ಕಿಂತ, ಹಳೇ ಗಾಡಿಯವರು ನಾಲ್ಕು ಮಂದಿ ಕೂಡಿ, ಅಳತೆ ಬರೆದುಕೊಂಡು ಒಟ್ಟಿಗೆ ತರಿಸುವುದು ಲೇಸು. 1905ರಲ್ಲೇ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರದ ದಾರಿ ತೋರಿಸಿದ್ದಾರೆ. ಬೀಜ ಗೊಬ್ಬರಕ್ಕೆ ನಡೆದ ಆ ದಾರಿ ಪಿಸ್ಟನ್ನಿಗೂ ನಡೆಯುತ್ತದೆ.