ಅರ್ಬುದ ಅಂದ್ರ ಯಾವ ಊರ್ರೀ?

ಎದುರು ಮನೆಯ ವೈನಿ ಬೆಳಿಗ್ಗೆ ಏಳಕ್ಕೇ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆಯ ರಿಪೋರ್ಟು. ಅವರ ಮನೆಯ ರಾಯರ ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ಗಂಟೊಂದು ಎದ್ದು ಎರಡು ವರ್ಷ ಆಗಿತ್ತು. ನೋವಿಲ್ಲ, ಬೆರಳಿಟ್ಟು ಒತ್ತಿದರೆ ಅತ್ತಿತ್ತ ಜಾರುತ್ತದೆ. ಮಗನ ಕಾಟಕ್ಕೆ ಕೊನೆಗೂ ದವಾಖಾನೆಗೆ ತೋರಿಸಿ ಬಂದಿದ್ದರು. ರಿಪೋರ್ಟು ಇಂಗ್ಲಿಷಿನದು. ಮೊಮ್ಮಗ ಅದರ ಮೇಲೆ ಮೊಬೈಲ್ ಹಿಡಿದು ಕನ್ನಡ ಮಾಡಿಸಿದ್ದ. ಕನ್ನಡದಲ್ಲಿ ‘ಸೌಮ್ಯ ಅರ್ಬುದ’ ಎಂದು ಬಂದಿತ್ತು.

“ಮಾಸ್ತರ, ಅರ್ಬುದ ಅಂದ್ರ ಯಾವ ಊರ್ರೀ?” ಎಂದರು ವೈನಿ. ಅವರ ತಮಾಷೆಯಲ್ಲೂ ರಾತ್ರಿ ನಿದ್ದೆಗೆಟ್ಟ ದನಿಯಿತ್ತು. ಮೊಮ್ಮಗ ಆ ಶಬ್ದವನ್ನು ಮತ್ತೆ ಹುಡುಕಿದಾಗ ‘ಕ್ಯಾನ್ಸರ್’ ಎಂದು ಸಿಕ್ಕಿತ್ತಂತೆ.

ಊರೂ ಹೌದು ಅನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ರಿಪೋರ್ಟಿನಲ್ಲಿ ಇದ್ದದ್ದು ಲೈಪೋಮಾ, ಅಂದರೆ ಕೊಬ್ಬಿನ ಗಂಟು. ಅದನ್ನು ಬಿಡಿಸಿ ಹೇಳಿ, ಚಹಾ ಕುಡಿಸಿ ಕಳಿಸಿದೆ. ಆದರೆ ಆ ಪ್ರಶ್ನೆ ಹೋಗಲಿಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದ ಈ ಓಣಿಗಳಲ್ಲಿ ಸಂಜೆ ಸವಾಯಿ ಗಂಧರ್ವ ಕಲಾಮಂದಿರದವರೆಗೆ ಅಡ್ಡಾಡಿ ಬರುವುದು ನನ್ನ ರೂಢಿ. ಅಂದು ನನ್ನ ಜೊತೆ ಅರ್ಬುದವೂ ಅಡ್ಡಾಡಿತು.

ಊರು ಎಂದೆನಲ್ಲ, ರಾಜಸ್ಥಾನದ ಅಬು ಪರ್ವತದ ಹಳೆಯ ಹೆಸರೇ ಅರ್ಬುದ. ಅರ್ಬುದಾದೇವಿಯ ಗುಡಿ ಇಂದಿಗೂ ಅಲ್ಲಿದೆ. ಅದಕ್ಕೂ ಹಿಂದಕ್ಕೆ ಹೋದರೆ ಋಗ್ವೇದದಲ್ಲಿ ಅರ್ಬುದನೆಂಬ ವೈರಿ ಸಿಗುತ್ತಾನೆ, ಇಂದ್ರ ಅವನನ್ನು ಕಾಲಿನಿಂದ ತುಳಿಯುತ್ತಾನೆ. ಅದೇ ವೇದದ ಹತ್ತನೆಯ ಮಂಡಲದಲ್ಲಿ ಒಂದು ಸೂಕ್ತದ ಋಷಿಯ ಹೆಸರೂ ಅರ್ಬುದ. ಅವನು ಕದ್ರುವಿನ ಮಗ, ಜಾತಿಯಲ್ಲಿ ಸರ್ಪ. ಒಂದೇ ಹೆಸರಿನಲ್ಲಿ ತುಳಿಸಿಕೊಂಡವನೂ ಇದ್ದಾನೆ, ಮಂತ್ರ ಕಂಡವನೂ ಇದ್ದಾನೆ.

ಗಣಿತದವರು ಇದನ್ನು ಸಂಖ್ಯೆ ಮಾಡಿಕೊಂಡರು. ಆರ್ಯಭಟನ ಲೆಕ್ಕದಲ್ಲೂ ಭಾಸ್ಕರನ ಲೆಕ್ಕದಲ್ಲೂ ಕೋಟಿಯ ಮುಂದಿನ ಮೆಟ್ಟಿಲು ಅರ್ಬುದ, ಹತ್ತು ಕೋಟಿ. ಹಿಂದಿಯ ‘ಅರಬ್’ ಇದರದೇ ಮೊಮ್ಮಗು, ಆದರೆ ಅಜ್ಜನಿಗಿಂತ ಹತ್ತು ಪಟ್ಟು ದೊಡ್ಡದಾಗಿ ಬೆಳೆದು ನೂರು ಕೋಟಿಯಾಗಿ ಕುಳಿತಿದೆ. ಇಲ್ಲೊಂದು ಚೋದ್ಯ. ಒಂದು ಗ್ರಾಂ ತೂಕದ ಕ್ಯಾನ್ಸರ್ ಗಡ್ಡೆಯಲ್ಲಿ ಎಷ್ಟು ಕೋಶ ಇರುತ್ತವೆ ಎಂಬುದಕ್ಕೆ ವಿಜ್ಞಾನಿಗಳ ಅಂದಾಜು ಹತ್ತು ಕೋಟಿಯಿಂದ ನೂರು ಕೋಟಿ. ಅಂದರೆ ಅರ್ಬುದದಲ್ಲಿ ಒಂದು ಅರ್ಬುದ! ಇದು ಕಾಕತಾಳೀಯ. ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎಂದು ಭಾಷಣ ಮಾಡುವವರು ಈ ವಾಕ್ಯವನ್ನು ದಯವಿಟ್ಟು ಎತ್ತಿಕೊಂಡು ಹೋಗಬಾರದು.

ನನಗೆ ಹೆಚ್ಚು ರುಚಿಸಿದ್ದು ಇನ್ನೊಂದು ಅರ್ಥ. ಬೌದ್ಧರು ಬಸಿರೊಳಗಿನ ಬೆಳವಣಿಗೆಯನ್ನು ಹಂತಹಂತವಾಗಿ ಹೆಸರಿಸುತ್ತಾರೆ. ಮೊದಲು ಕಲಲ, ಆಮೇಲೆ ಅರ್ಬುದ, ಆಮೇಲೆ ಪೇಶಿ, ಘನ. ಪಾಲಿಯಲ್ಲಿ ಇದು ‘ಅಬ್ಬುದ’. ಮನುಷ್ಯ ಮನುಷ್ಯನಾಗುವ ಮೊದಲು ಕೆಲವು ದಿನ ಅರ್ಬುದವಾಗಿರುತ್ತಾನೆ. ಅವರದೇ ನರಕಗಳ ಪಟ್ಟಿಯಲ್ಲಿ ಎಂಟು ಶೀತ ನರಕಗಳ ಪೈಕಿ ಮೊದಲನೆಯದೂ ಅರ್ಬುದ. ಅಲ್ಲಿಯ ಚಳಿಗೆ ಮೈಮೇಲೆ ಬೊಕ್ಕೆ ಏಳುತ್ತವೆ. ಬಸಿರಿಗೂ ಬೊಕ್ಕೆಗೂ ಒಂದೇ ಶಬ್ದ ಯಾಕೆಂದರೆ ಎರಡೂ ಮೇಲೆ ಉಬ್ಬಿ ಬರುವಂಥವು. ಬೆಟ್ಟವೂ ಅಷ್ಟೆ, ನೆಲದ ಮೇಲೆ ಉಬ್ಬಿದ್ದು. ಈ ಶಬ್ದದ ಬೆನ್ನುಮೂಳೆ ಇರುವುದು ಉಬ್ಬುವಿಕೆಯಲ್ಲಿ ಎಂದು ನನ್ನ ಊಹೆ.

ಬಸಿರಿನ ಈ ಅರ್ಥ ಪೂರ್ತಿ ಹಳತಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ತಂಡ ಸ್ತನ ಕ್ಯಾನ್ಸರಿನ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಆ ತಂಡ ಇರುವುದು ಭ್ರೂಣ ಹೇಗೆ ಬೆಳೆಯುತ್ತದೆ ಎಂದು ಓದುವ ವಿಭಾಗದಲ್ಲಿ. ಕಾರಣವಿದೆ. ಬಸಿರಿನಲ್ಲಿ ಕೆಲಸ ಮುಗಿಸಿ ಮಲಗಿದ ಎಷ್ಟೋ ವಂಶವಾಹಿಗಳನ್ನು ಕ್ಯಾನ್ಸರ್ ಕೋಶ ಮತ್ತೆ ಎಬ್ಬಿಸುತ್ತದೆ. ಕರುಳಿನ ಕ್ಯಾನ್ಸರಿನ ರೋಗಿಗಳು ರಕ್ತಪರೀಕ್ಷೆಯಲ್ಲಿ ‘ಸಿಇಎ’ ಎಂಬ ಮೂರಕ್ಷರ ನೋಡಿರುತ್ತಾರೆ. ಅದು ಮುಖ್ಯವಾಗಿ ಭ್ರೂಣದ ಕರುಳಿನಲ್ಲಿರುವ ಪ್ರೋಟೀನು. ಮಾಂಟ್ರಿಯಲ್‌ನ ಗೋಲ್ಡ್ ಮತ್ತು ಫ್ರೀಡ್‌ಮನ್ 1965ರಲ್ಲಿ ಅದನ್ನು ಗಡ್ಡೆಗಳಲ್ಲಿ ಪತ್ತೆಹಚ್ಚಿದರು.

ಇನ್ನು ವೈದ್ಯರ ಅರ್ಬುದ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯ ಅದನ್ನು ಕೈಯಿಂದ ಮುಟ್ಟಿ ನೋಡಿದವರ ಹಾಗೆ ವರ್ಣಿಸುತ್ತದೆ. ದುಂಡಗೆ, ಅಲ್ಲಾಡದೆ, ಆಳಕ್ಕೆ ಬೇರು ಬಿಟ್ಟು, ನೋವು ಕಡಿಮೆ, ನಿಧಾನವಾಗಿ ದೊಡ್ಡದಾಗುತ್ತ ಹೋಗುವ ಮಾಂಸದ ಉಬ್ಬು, ಕೀವು ಮಾತ್ರ ಕಟ್ಟುವುದಿಲ್ಲ. ಆರು ಬಗೆ ಹೇಳಿ, ರಕ್ತದ್ದೂ ಮಾಂಸದ್ದೂ ವಾಸಿಯಾಗುವುದಿಲ್ಲ ಎನ್ನುತ್ತದೆ. ಒಂದರ ಮೇಲೆ ಇನ್ನೊಂದು ಎದ್ದರೆ ಅದಕ್ಕೆ ಅಧ್ಯರ್ಬುದ ಎಂಬ ಬೇರೆ ಹೆಸರೇ ಇದೆ. ಗಮನಿಸಬೇಕಾದ್ದು ಇಷ್ಟೆ: ಅರ್ಬುದ ಅಲ್ಲಿ ಒಂದು ಗಂಟಿನ ಜಾತಿ. ಅದರಲ್ಲಿ ಕೊಲ್ಲುವುದೂ ಉಂಟು, ಕೊಲ್ಲದ್ದೂ ಉಂಟು.

ಗ್ರೀಕರ ಕಣ್ಣಿಗೆ ಅದೇ ಗಂಟು ಏಡಿಯ ಹಾಗೆ ಕಂಡಿತು. ಸುತ್ತ ಹರಡಿದ ಉಬ್ಬಿದ ನರಗಳು ಏಡಿಯ ಕಾಲು. ಹಿಪೊಕ್ರಟಿಸ್‌ನ ಪರಂಪರೆಯಲ್ಲಿ ಅದು ಕಾರ್ಕಿನೋಸ್, ಲ್ಯಾಟಿನ್ನಿಗೆ ಬಂದಾಗ ಕ್ಯಾನ್ಸರ್. ಮರಾಠಿಯವರು ಆ ಏಡಿಯನ್ನೇ ಹಿಡಿದು ‘ಕರ್ಕರೋಗ’ ಮಾಡಿದರು, ಬೆಳಗಾವಿ ಕಡೆಯಿಂದ ಬಂದ ನೆಂಟರ ಬಾಯಲ್ಲಿ ಅದನ್ನು ಕೇಳಿದ್ದೇನೆ. ಕನ್ನಡದ ಪಂಡಿತರು ‘ಏಡಿಗಂತಿ’ ಕಟ್ಟಿದರು. ಚೆಲುವಾದ ಶಬ್ದ. ಪುಸ್ತಕ ಬಿಟ್ಟು ಹೊರಗೆ ಬರಲಿಲ್ಲ ಅಷ್ಟೆ.

ಜನ ಏನು ಹೇಳುತ್ತಾರೆ? ಹುಬ್ಬಳ್ಳಿಯಲ್ಲಿ ‘ಗಂಟ ಆಗೇತಿ’, ‘ಗಡ್ಡಿ ಆಗೇತಿ’. ಖಾತ್ರಿಯಾದ ಮೇಲೆ ಹೆಸರೇ ಇಲ್ಲ, ‘ಆ ಬ್ಯಾನಿ’ ಅಷ್ಟೆ. ಬೇಕಾದರೆ ಜಾಗದ ಹೆಸರು ಹೇಳುತ್ತಾರೆ. ನವನಗರಕ್ಕ ತೋರಿಸ್ಲಿಕತ್ತಾರ ಅಂದರೆ ಅಲ್ಲಿಯ ಕ್ಯಾನ್ಸರ್ ದವಾಖಾನೆ ಎಂದು ತಿಳಿಯಬೇಕು. ಬೆಂಗಳೂರಿನವರಿಗೆ 1973ರಿಂದ ಕಿದ್ವಾಯಿ, ಅದಕ್ಕೂ ಮೊದಲಿನಿಂದ ನಮಗೆಲ್ಲ ಮುಂಬಯಿಯ ಟಾಟಾ. ವೈನಿ ಯಾವ ಊರು ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಮುಂಬಯಿ ಎಂದ ಕೂಡಲೇ ಅಲ್ಲಿಯ ಐಐಟಿಯಲ್ಲಿ ರೂಪುಗೊಂಡ ಕ್ಯಾನ್ಸರ್ ಚಿಕಿತ್ಸೆಯ ಮಾತು ಬರುತ್ತದೆ. ಆದರೆ ಅದಕ್ಕೆ ಮೊದಲು ಇನ್ನೊಂದು ಶಬ್ದ. ನಾವು ‘ರೋಗನಿರೋಧಕ ಶಕ್ತಿ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಇಮ್ಯುನಿಟಿ. ನಮ್ಮ ಕನ್ನಡದ ಶಬ್ದಕ್ಕೆ ಎರಡು ತೊಂದರೆ. ‘ಶಕ್ತಿ’ ಎಂದಿರುವುದರಿಂದ ಜನ ಅದನ್ನು ಕಷಾಯದಿಂದ ಏರಿಸಬಹುದು ಎಂದು ನಂಬಿದ್ದಾರೆ. 1968ರಲ್ಲಿ ಸರ್ಕಾರ ಕುಟುಂಬ ಯೋಜನೆಗೆ ತಂದ ‘ನಿರೋಧ್’ ಕಾಂಡೋಮಿನ ದೆಸೆಯಿಂದ ಈ ಪಾಠ ಮಾಡುವಾಗ ಹಿಂದಿನ ಬೆಂಚು ನಗದೇ ಇದ್ದ ವರ್ಷ ನನಗೆ ನೆನಪಿಲ್ಲ. ಲ್ಯಾಟಿನ್ನಿನ ‘ಇಮ್ಯುನಿಸ್’ಗೆ ರೋಗದ ಸಂಬಂಧವೇ ಇರಲಿಲ್ಲ. ತೆರಿಗೆ ಮತ್ತು ಊಳಿಗದಿಂದ ಬಿಡುಗಡೆ ಪಡೆದವನು ಎಂದು ಅದರ ಅರ್ಥ. ನಮ್ಮ ಸೀಮೆಯ ಚಾಲುಕ್ಯರ ಕಾಲದ ದತ್ತಿಶಾಸನಗಳಲ್ಲಿ ಇದಕ್ಕೆ ಸರಿಸಾಟಿ ಶಬ್ದಗಳಿವೆ: ಸರ್ವನಮಸ್ಯ, ಸರ್ವಬಾಧಾಪರಿಹಾರ. ಆ ಭೂಮಿಯೊಳಗೆ ಸುಂಕದವರು ಕಾಲಿಡುವಂತಿಲ್ಲ.

ಕ್ಯಾನ್ಸರಿನ ಕೋಶ ಪಡೆಯುವುದೂ ಇಂಥದೇ ಬಿಡುಗಡೆ, ಆದರೆ ಕಳ್ಳ ದಾರಿಯಲ್ಲಿ. ಶಾಸನತಜ್ಞರು ‘ಕೂಟಶಾಸನ’ ಎನ್ನುತ್ತಾರಲ್ಲ, ರಾಜ ಕೊಡದ ದತ್ತಿಯನ್ನು ಕೊಟ್ಟನೆಂದು ಯಾರೋ ಕೆತ್ತಿಸಿಕೊಂಡ ತಾಮ್ರಪಟ. ನಮ್ಮ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ 1882ರಲ್ಲಿ ಪುಸ್ತಕ ಬರೆದ ಫ್ಲೀಟ್ ಅಂಥವನ್ನು ಹಿಡಿಯುವುದರಲ್ಲಿ ಗಟ್ಟಿಗ. ದೇಹದಲ್ಲಿ ರೋಗವನ್ನು ತಡೆಯುವ ಟಿ ಕೋಶಗಳು ಗಸ್ತು ತಿರುಗುತ್ತಿರುತ್ತವೆ. ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಒಂದು ಪ್ರೋಟೀನನ್ನು ಎತ್ತಿ ಹಿಡಿದು, ನಾನು ಮಾನ್ಯದ ಭೂಮಿ, ಮುಟ್ಟಬೇಡ ಎನ್ನುತ್ತದೆ. ಗಸ್ತಿನವನು ತಲೆಬಾಗಿ ಮುಂದೆ ಹೋಗುತ್ತಾನೆ. ಆ ಕೂಟಶಾಸನವನ್ನು ಓದುವ ಟಿ ಕೋಶದ ಅಣುವೊಂದನ್ನು ಜಪಾನಿನ ತಸುಕು ಹೊಂಜೊ 1992ರಲ್ಲಿ ಗುರುತಿಸಿದರು, ಹೆಸರು ಪಿಡಿ-1. ಅಮೆರಿಕದ ಜೇಮ್ಸ್ ಆಲಿಸನ್ ಅಂಥದೇ ಇನ್ನೊಂದು ತಡೆಯನ್ನು ತೆಗೆದು ತೋರಿಸಿದರು. 2018ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಐಐಟಿ ಮುಂಬಯಿಯ ರಾಹುಲ್ ಪುರ್ವಾರ್ ತಂಡ ಹಿಡಿದದ್ದು ಬೇರೆ ಹಾದಿ. ರೋಗಿಯ ರಕ್ತದಿಂದಲೇ ಟಿ ಕೋಶ ತೆಗೆದು, ಶತ್ರುವನ್ನು ಗುರುತಿಸುವ ವಂಶವಾಹಿಯನ್ನು ಅದಕ್ಕೆ ಸೇರಿಸಿ, ಬೆಳೆಸಿ, ಮತ್ತೆ ಅದೇ ರೋಗಿಗೆ ಏರಿಸುವುದು. ಟಾಟಾ ಸ್ಮಾರಕ ಆಸ್ಪತ್ರೆಯವರ ಜೊತೆಗೂಡಿ ರೂಪಿಸಿದ ಈ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಹೆಸರು ನೆಕ್ಸ್‌ಕಾರ್19. ಹತ್ತೊಂಬತ್ತು ಎಂಬುದು ಬಿ ಕೋಶಗಳ ಮೇಲಿರುವ ಸಿಡಿ19 ಎಂಬ ಗುರುತು. ರಕ್ತದಲ್ಲಿರುವ ಬಿ ಕೋಶಗಳ ಕ್ಯಾನ್ಸರಿಗೆ ಇದು ನಾಟುತ್ತದೆ. ಗಟ್ಟಿ ಗಡ್ಡೆಗಳ ಎದುರು ಈ ಬಗೆಯ ಚಿಕಿತ್ಸೆ ಇನ್ನೂ ತಿಣುಕುತ್ತಿದೆ. ಗಡ್ಡೆಯೊಳಗೆ ಟಿ ಕೋಶ ನುಗ್ಗಬೇಕು, ನುಗ್ಗಿದ ಮೇಲೆ ಅಲ್ಲಿಯ ವಾತಾವರಣ ಅದನ್ನು ಸೋಲಿಸುತ್ತದೆ. ಪ್ರಯೋಗಾಲಯಗಳು ಈಗ ಗುದ್ದಾಡುತ್ತಿರುವುದು ಈ ಗೋಡೆಯ ಜೊತೆ: ಗಂಟು ಇರುವ ಕ್ಯಾನ್ಸರ್, ಗಂಟು ಇಲ್ಲದ ಕ್ಯಾನ್ಸರ್.

ನಮ್ಮ ಪತ್ರಿಕೆಗಳು ಒರೆಸಿಹಾಕುತ್ತಿರುವುದು ಇದೇ ವ್ಯತ್ಯಾಸವನ್ನು. ‘ರಕ್ತ ಅರ್ಬುದ’ ಎಂದು ಶೀರ್ಷಿಕೆ ಬರುತ್ತದೆ, ಕೆಳಗೆ ಲ್ಯುಕೇಮಿಯಾದ ಸುದ್ದಿ. ಲ್ಯುಕೇಮಿಯಾ ಇರುವುದು ಅಸ್ಥಿಮಜ್ಜೆಯಲ್ಲಿ, ಹರಿಯುವ ರಕ್ತದಲ್ಲಿ. ಅಲ್ಲಿ ಉಬ್ಬು ಎಲ್ಲಿಂದ ಬಂತು? ಸುಶ್ರುತನ ರಕ್ತಾರ್ಬುದವಾದರೂ ಬೇರೆ, ಅದು ರಕ್ತ ಒಸರುವ ಮಾಂಸದ ಮುದ್ದೆ, ರೋಗಿ ಬಿಳಿಚಿಕೊಳ್ಳುತ್ತಾನೆ. ಹೀಗೆ ಒಂದೇ ಶೀರ್ಷಿಕೆ ಶರೀರಕ್ಕೂ ತಪ್ಪು, ಶಾಸ್ತ್ರಕ್ಕೂ ತಪ್ಪು. ಆ ಕಡೆ ಕೊಬ್ಬಿನ ಗಂಟಿಗೂ ಅರ್ಬುದ, ಈ ಕಡೆ ಗಂಟೇ ಇಲ್ಲದ್ದಕ್ಕೂ ಅರ್ಬುದ. ಕ್ಯಾನ್ಸರ್ ಎಂಬ ಶಬ್ದಕ್ಕೆ ಕನ್ನಡದ ಅಂಗಿ ತೊಡಿಸುವ ಹಟದಲ್ಲಿ ಒಳ್ಳೆಯ ಹಳೆಯ ಶಬ್ದವೊಂದನ್ನು ಹರಿದುಹಾಕಿದ್ದೇವೆ.

ಸುದ್ದಿಮನೆಯವರಿಗೂ ಮೊಬೈಲಿಗೆ ಕನ್ನಡ ಕಲಿಸುವವರಿಗೂ ನನ್ನ ವಿನಂತಿ ಇಷ್ಟು. ರೋಗಕ್ಕೆ ಕ್ಯಾನ್ಸರ್ ಎನ್ನಿರಿ, ನಮ್ಮ ಮನೆಮನೆಯಲ್ಲಿ ಅದು ಕನ್ನಡವೇ ಆಗಿಹೋಗಿದೆ. ಟ್ಯೂಮರಿಗೆ ಗಡ್ಡೆ ಎನ್ನಿರಿ, ಕೇಡಿಲ್ಲದ್ದಾದರೆ ಕೇಡಿಲ್ಲದ ಗಂಟು ಎಂದೇ ಬರೆಯಿರಿ. ಅರ್ಬುದವನ್ನು ಆಯುರ್ವೇದದವರಿಗೂ ಅಬು ಬೆಟ್ಟಕ್ಕೂ ಬಿಟ್ಟುಬಿಡಿ.

ರಾಯರ ಗಂಟನ್ನು ಮುಂದಿನ ವಾರ ತೆಗೆದರು. ನಾಲ್ಕು ಹೊಲಿಗೆ ಬಿದ್ದವು.