ಅಲಿ ನದೀಮನ ಇಂಗ್ಲಿಷ್ ಪಾಠ

‘ಮೈಂಡ್ ಯುವರ್ ಲ್ಯಾಂಗ್ವೇಜ್’ ನೋಡಿದರೆ ಇಂದಿಗೂ ನಗು ಬರುತ್ತದೆ. ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕಾಗಿದೆ.

ವಿನ್ಸ್ ಪೊವೆಲ್ ಬರೆದ ಈ ಹಾಸ್ಯ ಧಾರಾವಾಹಿ 1977ರ ಡಿಸೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಆರಂಭವಾಯಿತು. ಲಂಡನ್ನಿನ ಒಂದು ಸಂಜೆ ಶಾಲೆ, ಬ್ರೌನ್ ಎಂಬ ಸಂಭಾವಿತ ಮೇಷ್ಟ್ರು, ಇಂಗ್ಲಿಷ್ ಕಲಿಯಲು ಬಂದ ನಾನಾ ದೇಶದವರು. ಚೀನಾದ ಹುಡುಗಿಯ ಕೈಯಲ್ಲಿ ಮಾವೋನ ಪುಸ್ತಕ, ಭಾರತದ ಜಮೀಲಾಳ ಕೈಯಲ್ಲಿ ಹೆಣಿಗೆ. ಪಾಕಿಸ್ತಾನದ ಅಲಿ ನದೀಮ್ ಮತ್ತು ಸಿಖ್ ರಂಜಿತ್ ಸಿಂಗ್ ಮಾತೆತ್ತಿದರೆ ಜಗಳ. 1947ರ ವಿಭಜನೆಯ ರಕ್ತಸಿಕ್ತ ನೆನಪು ಅಲ್ಲಿ ಬೆಂಚಿನ ಕಿತ್ತಾಟವಾಗಿಬಿಟ್ಟಿತ್ತು.

ಎಲ್ಲರನ್ನೂ ಸಮನಾಗಿ ಗೇಲಿ ಮಾಡಿದ್ದಾರಲ್ಲ, ತಪ್ಪೇನು ಎಂದು ವಾದಿಸುವವರಿದ್ದಾರೆ. ತರಗತಿಯೊಳಗೆ ಅದು ನಿಜವೇ ಇರಬಹುದು. ಹೊರಗಿನ ಬೀದಿ ಹಾಗಿರಲಿಲ್ಲ. 1978ರ ಜನವರಿಯಲ್ಲಿ, ಆಗ ವಿರೋಧ ಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್, ಬೇರೆ ಸಂಸ್ಕೃತಿಯವರಿಂದ ದೇಶ ಮುಳುಗಿಹೋದೀತೆಂದು ಜನ ಹೆದರಿದ್ದಾರೆ ಎಂಬರ್ಥದ ಮಾತನ್ನು ಟಿವಿ ಸಂದರ್ಶನದಲ್ಲೇ ಆಡಿದರು. ಅದೇ ವರ್ಷ ಮೇ 4ರಂದು ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ, ಕೆಲಸ ಮುಗಿಸಿ ಮನೆಗೆ ನಡೆದು ಹೊರಟಿದ್ದ ಬಂಗಾಳಿ ಮುಸ್ಲಿಂ ಜವಳಿ ಕಾರ್ಮಿಕ ಅಲ್ತಾಬ್ ಅಲಿಯನ್ನು ಮೂವರು ಹದಿಹರೆಯದವರು ಇರಿದು ಕೊಂದರು. ಸಾವಿರಾರು ಜನ ಶವಪೆಟ್ಟಿಗೆಯ ಹಿಂದೆ ಡೌನಿಂಗ್ ಸ್ಟ್ರೀಟ್‌ವರೆಗೆ ನಡೆದರು. ತರಗತಿಯ ಫ್ರೆಂಚ್ ಹುಡುಗಿ ಪಾಠ ಮುಗಿಸಿ ನಿಶ್ಚಿಂತೆಯಿಂದ ಮನೆ ಸೇರಬಹುದಿತ್ತು. ಅಲಿಗೆ ಆ ಭರವಸೆ ಇರಲಿಲ್ಲ. ಧಾರಾವಾಹಿಯ ಅಲಿಯಾದರೋ ಯಾವಾಗಲೂ ಹಸನ್ಮುಖಿ!

ಅಲಿಯ ಪಾತ್ರ ಮಾಡಿದ ದೀನೋ ಶಫೀಕ್ ಢಾಕಾದಲ್ಲಿ ಹುಟ್ಟಿದವರು. ಏಷ್ಯಾದ ನಟರಿಗೆ ಆಗ ಕೆಲಸವೇ ಅಪರೂಪ. 1974ರಲ್ಲಿ ಬಿಬಿಸಿ ಆರಂಭಿಸಿದ, ದೇವಳಾಲಿಯ ಬ್ರಿಟಿಷ್ ಸೇನಾ ಶಿಬಿರದ ಕಥೆಯ ‘ಇಟ್ ಏಂಟ್ ಹಾಫ್ ಹಾಟ್ ಮಮ್’ನಲ್ಲಿ ಅವರಿಗೆ ಸಿಕ್ಕಿದ್ದು ಚಹಾ ಮಾರುವವನ ವೇಷ. ಅಲ್ಲಿನ ಮುಖ್ಯ ಭಾರತೀಯ ಪಾತ್ರ ರಂಗಿ ರಾಮನಾಗಿ ಬಿಳಿಯ ನಟ ಮೈಕೆಲ್ ಬೇಟ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡಿದ್ದರು. ಸಿಕ್ಕ ವೇಷ ಬೇಡವೆಂದರೆ ಶಫೀಕರಂಥವರು ಹೊಟ್ಟೆಗೇನು ಮಾಡಬೇಕಿತ್ತು? ನಟರನ್ನು ದೂರಲು ನಮಗೆ ಮನಸ್ಸಿಲ್ಲ.

ಜನಾಂಗಗಳನ್ನು ಹೀಗಳೆಯುತ್ತದೆಂದು ವಾಹಿನಿಯ ಮುಖ್ಯಸ್ಥರಲ್ಲಿ ಒಬ್ಬರಾದ ಮೈಕೆಲ್ ಗ್ರೇಡ್ ಇದನ್ನು ನಿಲ್ಲಿಸಿದರು. ಮೊದಲ ಮೂರು ಸರಣಿಗಳು 1979ಕ್ಕೆ ಮುಗಿದವು. 1986ರಲ್ಲಿ ಇನ್ನೊಂದು ಸರಣಿ ಬಂತು. 1993ರಲ್ಲಿ ನಮ್ಮ ದೂರದರ್ಶನವೂ ಪಂಕಜ್ ಕಪೂರರನ್ನು ಮೇಷ್ಟ್ರಾಗಿಸಿ ‘ಜಬಾನ್ ಸಂಭಾಲ್‌ಕೆ’ ಎಂದು ಅದೇ ತರಗತಿ ತೆರೆಯಿತು. ಈ ಸಲ ನಗೆಪಾಟಲಾದವರು ಹಿಂದಿ ಸರಿಯಾಗಿ ಬಾರದವರು.