ಸರ್ಪಗಂಧದ ಬೇರೂ ರಕ್ತದೊತ್ತಡವೂ

ರಕ್ತದೊತ್ತಡವೆಂದರೆ ಪಟ್ಟಣದ ಧಾವಂತ ತಂದಿತ್ತ ಹೊಸ ಕಾಯಿಲೆಯೆಂದು ನಮ್ಮಲ್ಲಿ ಹಲವರ ನಂಬಿಕೆ. ಕಾಯಿಲೆ ಹಳೆಯದು, ಅದನ್ನು ಅಳೆಯುವ ವಿದ್ಯೆ ಮಾತ್ರ ಈಚಿನದು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದರು. ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ, ಕೆಳಗಿನ ಅಂಕಿಗಳೆರಡನ್ನೂ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತಿಳಿಸಿದರು.

ಅಳತೆ ಬಂದರೂ ತಕ್ಕ ಮದ್ದು ಬಹುಕಾಲ ದೊರೆಯಲಿಲ್ಲ. ದಾರಿ ತೋರಿದವುಗಳಲ್ಲೊಂದು ನಮ್ಮ ನಾಡಿನ ಸರ್ಪಗಂಧದ ಬೇರು. ಅದು ರಕ್ತದೊತ್ತಡವನ್ನು ಇಳಿಸುವುದೆಂದು ಸೇನ್ ಮತ್ತು ಬೋಸ್ ಎಂಬ ವೈದ್ಯರು 1931ರಲ್ಲಿ ಬರೆದರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರ ಲೇಖನ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದ ಮೇಲೆ ಹೊರದೇಶದವರೂ ಕಣ್ಣು ಬಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯವರು ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಮುಂದೆ, ಅದು ಮನಸ್ಸನ್ನು ಕುಗ್ಗಿಸೀತೆಂಬ ಅಂಜಿಕೆಯಿಂದಲೂ ಹೊಸ ಔಷಧಗಳು ಬಂದುದರಿಂದಲೂ ಬಳಕೆ ಇಳಿಯಿತು.

ನಮ್ಮ ಚೆನ್ನೈ ಮಾತ್ರ ಅದನ್ನು ಮರೆಯಲಿಲ್ಲ. ಮೂತ್ರಪಿಂಡ ತಜ್ಞ ಡಾ. ಎಂ. ಕೆ. ಮಣಿಯವರ ಕಿಡ್ನಿ ಹೆಲ್ಪ್ ಟ್ರಸ್ಟ್, ಊರಾಚೆಯ ಹಳ್ಳಿಗಳಲ್ಲಿ ತರಬೇತಿ ಪಡೆದ ಹಳ್ಳಿಯ ಹುಡುಗಿಯರಿಂದಲೇ ಮನೆಮನೆಯಲ್ಲಿ ರಕ್ತದೊತ್ತಡ ಅಳೆಯಿಸಿತು. ರೆಸರ್ಪಿನ್ ಸೇರಿದಂತೆ ಅಗ್ಗದ ಗುಳಿಗೆಗಳನ್ನು ಕೊಟ್ಟಿತು. ಡಯಾಲಿಸಿಸ್ಸಿನ ವೆಚ್ಚ ಬಡವರ ಕೈಗೆಟುಕದು. ಮೊದಲೇ ತಡೆಯುವುದು ಲೇಸೆಂಬುದು ಅವರ ಲೆಕ್ಕ.

ಈ ಲೆಕ್ಕ ನಮಗೂ ಸಲ್ಲುತ್ತದೆ. ನೋವು ತೋರದೆಯೇ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸುವ ರೋಗವಿದು. ಊರಿನಿಂದ ಬಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಎಲೆಯ ತುದಿಯಲ್ಲಷ್ಟೇ ಇರಲಿ. ಬೇರನ್ನು ನಾವಾಗಿ ಅರೆದು ಕುಡಿಯುವುದು ಬೇಡ. ವೈದ್ಯರು ಕೊಟ್ಟ ಗುಳಿಗೆಯನ್ನು ನಾವಾಗಿ ನಿಲ್ಲಿಸುವುದೂ ಬೇಡ.